ಮೀನಿಗೂ ದೇವಿ ಹಾಕಬಹುದೇ?



ಇಂದು ನಾನು ತಮ್ಮೊಡನೆ ಮಾತನಾಡಬೇಕೆಂದಿರುವುದು ಸಾಕಿದ ಮೀನಿಗೆ ಬರುವ ರೋಗ ಮತ್ತು ಅದಕ್ಕೆ ಹಾಕುವ ಲಸಿಕೆಯ ವಿಷಯ. ಭತ್ತ, ಅಡಿಕೆ, ಜೋಳ, ಶುಂಠಿ ಇವುಗಳ ಮಾತು ಬಿಟ್ಟು ಆಯನೂರಿನ ಕಡೆಯವನು ಇದೇನು ಮೀನಿನ ಕಥೆ ತೆಗೆದ ಎಂದು ಕೆಲವರಿಗಾದರೂ ಅನ್ನಿಸೀತು. ಆದರೆ ಕೃಷಿ ಹೊಂಡ ತೆಗೆಸಿದವರು, ತೋಟದ ಕೆಳಗೆ ಹಳೇ ಕಟ್ಟೆ ಇರುವವರು, ಈಗ ಅದರಲ್ಲಿ ಒಂದಿಷ್ಟು ಮೀನುಮರಿ ಬಿಡುವುದು ಸಾಮಾನ್ಯವಾಗಿದೆ. ಬಿಟ್ಟದ್ದು ಬದುಕಿದರೆ ಮನೆಗೆ ಊಟ, ಕೈಗೆ ಕಾಸು. ಸತ್ತರೆ ನೀರೂ ಕೆಟ್ಟಿತು, ಕಾಸೂ ಹೋಯಿತು.

ಕಳೆದ ಪುಷ್ಯ ಮಾಸದಲ್ಲಿ ಒಂದು ಬೆಳಗ್ಗೆ ನಾನು ಆಯನೂರಿನಲ್ಲಿ ಬಸ್ಸಿಳಿದು ನಿಂತಿದ್ದೆ. ಒಬ್ಬ ರೈತರು ತಡೆದು ನಿಲ್ಲಿಸಿ ಕೈಚೀಲ ಬಿಚ್ಚಿ ತೋರಿಸಿದರು. ಒಳಗೆ ಎರಡು ಕಾಟ್ಲಾ ಮೀನು, ಒಂದೊಂದೂ ಅರ್ಧ ಸೇರಿನಷ್ಟು ತೂಕ. ಹೊಟ್ಟೆ ಊದಿತ್ತು, ರೆಕ್ಕೆಯ ಬುಡದಲ್ಲಿ ರಕ್ತ ಕಟ್ಟಿತ್ತು, ಒಂದರ ಪಕ್ಕೆಯಲ್ಲಿ ಎಂಟಾಣೆ ಅಗಲದ ಹುಣ್ಣು. “ದಿನಾ ಏಳೆಂಟು ತೇಲ್ತಾ ಇವೆ ಸ್ವಾಮಿ. ನಮ್ಮನೆಯವಳು ಸಂಘದಲ್ಲಿ ಸಾಲ ಎತ್ತಿ ಮರಿ ತರಿಸಿದಳು. ಕಂತು ಕಟ್ಟೋದು ಈ ಮೀನಿನಲ್ಲೇ” ಅಂದರು. ಇನ್ನೊಂದು ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದರು. ಅದು ದನಕ್ಕೆ ಕೊಡುವ ಟೆಟ್ರಾಸೈಕ್ಲಿನ್. “ಇದನ್ನು ಪುಡಿ ಮಾಡಿ ಕಟ್ಟೆಗೆ ಎರಚಲಾ? ಇಲ್ಲಾ, ಮೀನಿಗೂ ದೇವಿ ಹಾಕ್ತಾರಂತಲ್ಲ, ಅದನ್ನು ಹಾಕಿಸಿ ಕೊಡ್ತೀರಾ?”

ದೇವಿ ಹಾಕುವುದು ಎಂಬ ಮಾತು ಕೇಳಿ ಬಹಳ ದಿನವಾಗಿತ್ತು. ಸಿಡುಬಿಗೆ ಹಾಕುತ್ತಿದ್ದ ಲಸಿಕೆಗೆ ನಮ್ಮ ಅಜ್ಜಿಯರು ಹಾಗೆನ್ನುತ್ತಿದ್ದರು. ಆ ಎರಡು ಪ್ರಶ್ನೆಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅರ್ಧಂಬರ್ಧ ಉತ್ತರ ಹೇಳಿದೆ. ಪೂರ್ತಿ ಉತ್ತರವನ್ನು ಈಗ ಹೇಳುತ್ತೇನೆ.

ಮೊದಲು ಆ ರೋಗ ಯಾವುದು ಎಂಬುದನ್ನು ತಿಳಿಯಬೇಕು. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಈ ಮೀನುಗಳಲ್ಲಿ ಹೊಟ್ಟೆ ಊದುವುದು, ಹುರುಪೆ ನಿಮಿರಿ ನಿಲ್ಲುವುದು, ಕಣ್ಣು ಉಬ್ಬಿ ಹೊರಬರುವುದು, ಗುದದ ಸುತ್ತ ಕೆಂಪಗಾಗುವುದು, ಮೈಮೇಲೆ ರಕ್ತದ ಮಚ್ಚೆ ಮತ್ತು ಹುಣ್ಣು ಕಾಣುವುದು, ಇವೆಲ್ಲ ಬಹುಮಟ್ಟಿಗೆ ಏರೋಮೊನಾಸ್ ಹೈಡ್ರೋಫಿಲಾ ಎಂಬ ಬ್ಯಾಕ್ಟೀರಿಯಾದ ಕೆಲಸ. ಬಹುಮಟ್ಟಿಗೆ ಎಂದೆ, ಪೂರ್ತಿಯಲ್ಲ. ಹುಣ್ಣು ಕಂಡ ಮಾತ್ರಕ್ಕೆ ಇದೇ ರೋಗ ಎನ್ನುವಂತಿಲ್ಲ. 1988ರಲ್ಲಿ ಭಾರತದ ಈಶಾನ್ಯ ಮೂಲೆಯಲ್ಲಿ ಕಾಣಿಸಿಕೊಂಡು ಮುಂದೆ ನಮ್ಮ ರಾಜ್ಯಕ್ಕೂ ಬಂದ ಹುಣ್ಣುರೋಗವೊಂದಿದೆ. ಅದಕ್ಕೆ ಮೂಲ ಬೂಷ್ಟಿನಂತೆ ಕಾಣುವ, ಶಿಲೀಂಧ್ರವನ್ನು ಹೋಲುವ ಒಂದು ಜೀವಿ. ಬ್ಯಾಕ್ಟೀರಿಯಾದ ಲಸಿಕೆ ಅದಕ್ಕೆ ನಾಟುವುದಿಲ್ಲ.

ಈ ಏರೋಮೊನಾಸ್ ಹೊರಗಿನಿಂದ ಬರುವ ಕಳ್ಳನಲ್ಲ, ಮನೆಯಲ್ಲೇ ಇರುವ ಕಳ್ಳ. ಯಾವ ಕೆರೆಯ ನೀರು ತೆಗೆದು ನೋಡಿದರೂ ಅದು ಇದ್ದೇ ಇದೆ. ಗಟ್ಟಿಮುಟ್ಟಾದ ಮೀನಿನ ಕರುಳಿನಲ್ಲೂ ಇರುತ್ತದೆ. ಮೀನು ಬಲವಾಗಿರುವವರೆಗೆ ಸುಮ್ಮನಿದ್ದು, ಮೀನು ಸೋತ ದಿನ ತಲೆ ಎತ್ತುತ್ತದೆ. ನೀರಿನಲ್ಲಿ ಪ್ರಾಣವಾಯು ಕಡಿಮೆಯಾದಾಗ, ಬೇಸಿಗೆಯಲ್ಲಿ ನೀರು ಇಳಿದಾಗ, ಚಳಿಗಾಲದಲ್ಲಿ ಮೇವು ಅರಗದಾಗ, ಬಲೆಗೆ ಸಿಕ್ಕಿ ಹುರುಪೆ ಕಿತ್ತಾಗ, ಮೀನುಹೇನು ಕಚ್ಚಿ ತೂತು ಮಾಡಿದಾಗ. ಆ ರೈತರ ಕಟ್ಟೆಗೆ ಮಧ್ಯಾಹ್ನ ಹೋಗಿ ನೋಡಿದೆ. ನಾಲ್ಕು ಗುಂಟೆಯ ಕಟ್ಟೆಯಲ್ಲಿ 600 ಮರಿ ಬಿಟ್ಟಿದ್ದರು. ಇನ್ನೂರು ಬಿಡುವ ಜಾಗ ಅದು. ಮೇಲಾಗಿ ಕೊಟ್ಟಿಗೆಯ ಗಂಜಲದ ಕಾಲುವೆ ನೇರ ಕಟ್ಟೆಗೆ ಬೀಳುತ್ತಿತ್ತು.

ಅವರನ್ನು ಬೈಯುವ ಹಕ್ಕು ನನಗಿಲ್ಲ, ಏಕೆಂದರೆ ಇದಕ್ಕಿಂತ ದೊಡ್ಡ ತಪ್ಪನ್ನು ನಾನೇ ಮಾಡಿದ್ದೇನೆ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ವರ್ಷ. ಬಿ. ಆರ್. ಪ್ರಾಜೆಕ್ಟಿನ ಮೀನುಮರಿ ಕೇಂದ್ರದಿಂದ ಒಬ್ಬರಿಗೆ ಮರಿ ಕೊಡಿಸಿದೆ. ದಾರಿಯಲ್ಲಿ ನನ್ನದೇ ಎರಡು ಬೇರೆ ಕೆಲಸ ಮುಗಿಸಿಕೊಂಡು ಹೋದುದರಿಂದ ಊರು ಮುಟ್ಟುವಾಗ ನಡುಮಧ್ಯಾಹ್ನ. ಚೀಲದ ನೀರು ಬೆಚ್ಚಗಾಗಿತ್ತು, ಹೊಂಡದ ನೀರು ತಣ್ಣಗಿತ್ತು. ಚೀಲವನ್ನು ಹೊಂಡದಲ್ಲಿ ಕಾಲು ಗಂಟೆ ತೇಲಬಿಡಿ ಎಂದು ಪುಸ್ತಕದಲ್ಲಿ ಓದಿದ್ದು ನೆನಪಾಗಲಿಲ್ಲ, ಸುರಿಯಿರಿ ಅಂದೆ. ವಾರ ಕಳೆಯುವುದರೊಳಗೆ ಕೆಂಪು ಮಚ್ಚೆ ಎದ್ದು ಮುಕ್ಕಾಲು ಪಾಲು ಮರಿ ಸತ್ತವು. ಆ ಮನೆಯವರು ಒಂದು ಮಾತು ಆಡಲಿಲ್ಲ, ಚಹಾ ಕೊಟ್ಟು ಕಳಿಸಿದರು. ಆ ಚಹಾ ಇವತ್ತಿಗೂ ಗಂಟಲಲ್ಲಿ ನಿಂತಿದೆ.

ಇನ್ನು ಲಸಿಕೆಯ ವಿಚಾರ. ಮಳೆ ಹಿಡಿಯುವ ಮುಂಚೆ ನಾವು ದನ ಎಮ್ಮೆಗಳಿಗೆ ಗಳಲೆ ರೋಗದ ಚುಚ್ಚುಮದ್ದು, ಚಪ್ಪೆ ರೋಗದ ಚುಚ್ಚುಮದ್ದು ಹಾಕಿಸುತ್ತೇವಲ್ಲ, ಅವೂ ಬ್ಯಾಕ್ಟೀರಿಯಾದಿಂದ ಬರುವ ರೋಗಗಳೇ. ರೋಗಾಣುವನ್ನು ಬೆಳೆಸಿ, ಕೊಂದು, ಆ ಸತ್ತ ರೋಗಾಣುವನ್ನು ಪ್ರಾಣಿಯ ಮೈಗೆ ತೋರಿಸುವುದು. ಕಳ್ಳನ ಚಹರೆಯನ್ನು ಊರ ತಳವಾರನಿಗೆ ಮೊದಲೇ ತೋರಿಸಿಟ್ಟ ಹಾಗೆ. ಮುಂದೆ ಜೀವಂತ ಕಳ್ಳ ಬಂದರೆ ಮೈ ಗುರುತು ಹಿಡಿದು ಎದುರಿಸುತ್ತದೆ. ಮೀನಿನ ಮೈಗೂ ಈ ನೆನಪಿನ ಶಕ್ತಿ ಇದೆ. ಆದರೆ ಮೀನಿನ ಮೈ ನಮ್ಮಂತೆ ಬೆಚ್ಚಗಿರುವುದಲ್ಲ, ನೀರಿನ ಬಿಸಿಯೇ ಅದರ ಬಿಸಿ. ಆದ್ದರಿಂದ ತಣ್ಣೀರಿನ ಮೀನಿಗೆ ಲಸಿಕೆ ಹಿಡಿಯಲು ತಿಂಗಳ ಮೇಲೆ ಬೇಕಾಗುತ್ತದೆ, ನಮ್ಮ ಕಡೆಯ ಬೆಚ್ಚನೆಯ ನೀರಿನಲ್ಲಿ ಎರಡು ಮೂರು ವಾರ. ಇಂದು ಮೀನು ತೇಲುತ್ತಿದೆ, ನಾಳೆ ಲಸಿಕೆ ಹಾಕಿಸುತ್ತೇನೆ ಎಂದರೆ ಆಗುವುದಿಲ್ಲ. ಗಂಟಲು ಊದಿ ಮಲಗಿದ ಎಮ್ಮೆಗೆ ಯಾರಾದರೂ ಗಳಲೆ ಲಸಿಕೆ ಹಾಕುತ್ತಾರೆಯೇ? ಹಾಗೆಯೇ ಇದು.

ಮೀನಿಗೆ ಲಸಿಕೆ ಹಾಕುವುದನ್ನು ಜಗತ್ತು ಕಲಿತದ್ದು ನಮ್ಮ ಗೆಂಡೆ ಮೀನಿನಲ್ಲಲ್ಲ, ಟ್ರೌಟ್ ಮತ್ತು ಸಾಲ್ಮನ್ ಎಂಬ ತಣ್ಣೀರಿನ ಮೀನುಗಳಲ್ಲಿ. ಟ್ರೌಟ್ ನೋಡಬೇಕಾದರೆ ನಮಗೆ ಹತ್ತಿರದ ಜಾಗ ನೀಲಗಿರಿಯ ಅವಲಾಂಚಿ. ಬೆಟ್ಟದ ಹಳ್ಳದ ನೀರಿನ ಮೀನು ಅದು. ನಮ್ಮ ಆಯನೂರಿನ ಕಟ್ಟೆಗೆ ಬಿಟ್ಟರೆ ಬೇಸಿಗೆ ಕಾಣುವುದಿಲ್ಲ. ಮರಿ ತರಿಸಿಕೊಡಿ ಎಂದು ಯಾರೂ ಕೇಳಬೇಡಿ. ಆದರೆ ಅದರ ಕಥೆಯಲ್ಲಿ ನಮಗೆ ಬೇಕಾದ ಮಾತಿದೆ.

1942ರಲ್ಲಿ ಕೆನಡಾ ದೇಶದಲ್ಲಿ ಡಫ್ ಎಂಬ ವಿಜ್ಞಾನಿ ಟ್ರೌಟ್ ಮೀನಿಗೆ ಬರುವ ಕುರುವಿನ ರೋಗದ ರೋಗಾಣುವನ್ನು ಕೊಂದು, ಮೇವಿನಲ್ಲಿ ಬೆರೆಸಿ, ಎರಡು ತಿಂಗಳಿಗೂ ಹೆಚ್ಚು ಕಾಲ ತಿನ್ನಿಸಿದರು. ಆಮೇಲೆ ರೋಗ ತಗಲಿಸಿ ನೋಡಿದರೆ, ಲಸಿಕೆ ತಿನ್ನದ ಮೀನಿನಲ್ಲಿ ನೂರಕ್ಕೆ 75 ಸತ್ತವು, ತಿಂದ ಮೀನಿನಲ್ಲಿ 25 ಸತ್ತವು. ಇಷ್ಟು ಒಳ್ಳೆಯ ಫಲ ಕಂಡರೂ ಮುಂದಿನ ಮೂವತ್ತು ವರ್ಷ ಅದನ್ನು ಮುಂದುವರಿಸಿದವರು ಕಡಿಮೆ. ಕಾರಣ ಏನೆಂದರೆ ಅದೇ ಹೊತ್ತಿಗೆ ಸಲ್ಫಾ ಮದ್ದು, ಆಂಟಿಬಯೋಟಿಕ್ ಮದ್ದುಗಳು ಬಂದವು. ಮೇವಿಗೆ ಬೆರೆಸಿ ಎರಚಿದರೆ ನಾಲ್ಕು ದಿನಕ್ಕೆ ರೋಗ ಇಳಿಯುತ್ತಿತ್ತು. ಕಷ್ಟಪಟ್ಟು ಮುಂಚೆಯೇ ಲಸಿಕೆ ಹಾಕುವವರು ಯಾರು? ಆಯನೂರಿನ ಆ ಯಜಮಾನರ ಜೇಬಿನ ಮಾತ್ರೆಯಂತೆಯೇ ಅದು ಸುಲಭದ ದಾರಿಯಾಗಿತ್ತು.

ಸುಲಭದ ದಾರಿ ಕೆಲವೇ ವರ್ಷ ನಡೆಯಿತು. ರೋಗಾಣುಗಳು ಆ ಮದ್ದಿಗೆ ಒಗ್ಗಿಹೋದವು. ಆಗ ಜನ ಮತ್ತೆ ಲಸಿಕೆಯ ಕಡೆ ತಿರುಗಿದರು. 1976ರಲ್ಲಿ ಅಮೇರಿಕದಲ್ಲಿ ಟ್ರೌಟ್ ಮೀನಿನ ಕೆಂಪುಬಾಯಿ ರೋಗಕ್ಕೆ ಲಸಿಕೆ ಮಾರಲು ಅಪ್ಪಣೆಯಾಯಿತು. ಅದನ್ನು ಹಾಕುವ ರೀತಿ ಬಹಳ ಸರಳ: ಒಂದು ಪಾಲು ಲಸಿಕೆಗೆ ಒಂಬತ್ತು ಪಾಲು ನೀರು ಬೆರೆಸಿ, ಮರಿಗಳನ್ನು ಕೈಬಲೆಯಲ್ಲಿ ಅರ್ಧ ನಿಮಿಷ ಅದ್ದಿ ತೆಗೆಯುವುದು. ಕಿವಿರು ಮತ್ತು ಚರ್ಮದ ಮೂಲಕ ಲಸಿಕೆ ಒಳಗೆ ಸೇರುತ್ತದೆ. ನಾವು ಭತ್ತದ ಸಸಿಯ ಬೇರನ್ನು ಮದ್ದಿನ ನೀರಿನಲ್ಲಿ ಅದ್ದಿ ನಾಟಿ ಮಾಡುವುದಿಲ್ಲವೇ, ನೋಡಿದರೆ ಅದರಂತೆಯೇ.

ನಾರ್ವೆ ದೇಶದವರ ಪಾಡು ಇನ್ನೂ ದೊಡ್ಡದು. ಅವರು ಸಮುದ್ರದಲ್ಲಿ ಬಲೆಯ ಪಂಜರ ಕಟ್ಟಿ ಸಾಲ್ಮನ್ ಸಾಕುತ್ತಾರೆ. 1985ರಲ್ಲಿ ಸ್ಕಾಟ್ಲೆಂಡಿನಿಂದ ತಂದ ಮರಿಗಳ ಜೊತೆಗೇ ಕುರುವಿನ ರೋಗವೂ ಅವರ ಸಾಕಣೆಗೆ ಬಂತು. ಮರಿ ತರುವಾಗ ರೋಗ ತರಬಾರದು ಎಂದು ನಾನು ಗಂಟಲು ಹರಿದುಕೊಳ್ಳುವುದು ಇದಕ್ಕೇ! 1987ರಲ್ಲಿ ಆ ದೇಶದ ಮೀನು ಸಾಕಣೆಗೆ ಸುಮಾರು 50 ಟನ್ ಆಂಟಿಬಯೋಟಿಕ್ ಖರ್ಚಾಯಿತು. ಆಗ ಅವರು ಬೆಳೆಯುತ್ತಿದ್ದ ಮೀನು ಇಂದಿನದರ ಒಂದು ಸಣ್ಣ ಪಾಲು ಮಾತ್ರ. 1990ರ ದಶಕದ ಆರಂಭದಲ್ಲಿ ಎಣ್ಣೆ ಬೆರೆಸಿದ ಚುಚ್ಚುಮದ್ದು ಬಂತು. ಮರಿಗಳಿಗೆ ಮಂಪರು ಬರಿಸಿ, ಒಂದೊಂದಾಗಿ ಹಿಡಿದು, ಹೊಟ್ಟೆಗೆ ಹನಿಯಷ್ಟು ಚುಚ್ಚಿ, ಆಮೇಲೆ ಸಮುದ್ರಕ್ಕೆ ಬಿಡುವುದು. ಈಗ ಹತ್ತು ಲಕ್ಷ ಟನ್ನಿಗೂ ಮೀರಿ ಸಾಲ್ಮನ್ ಬೆಳೆದರೂ ವರ್ಷದ ಆಂಟಿಬಯೋಟಿಕ್ ಖರ್ಚು ಒಂದು ಟನ್ನಿನ ಒಳಗೇ ಇದೆ. ಇದು ಲಸಿಕೆ ಒಂದರಿಂದಲೇ ಆದದ್ದಲ್ಲ. ಪಂಜರಗಳನ್ನು ದೂರ ದೂರ ಇಟ್ಟರು, ಒಂದು ಜಾಗದ ಮೀನು ಪೂರ್ತಿ ತೆಗೆದು ಜಾಗವನ್ನು ಬೀಳು ಬಿಟ್ಟರು. ಆದರೂ ಹೆಚ್ಚಿನ ಪಾಲು ಲಸಿಕೆಯದು.

“ನಾರ್ವೆ ಮಾತು ನಮಗ್ಯಾಕೆ, ನಮ್ಮ ಮೀನಿಗೆ ಏನಿದೆ ಹೇಳಿ” ಅಂತೀರಿ. ನಮ್ಮ ಮೀನಿನ ಕೆಲಸ ನಮ್ಮ ರಾಜ್ಯದಲ್ಲೇ ನಡೆದಿದೆ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಲ್ಲಿ ಆರಂಭವಾದದ್ದು. ಅಲ್ಲಿ ಡಾ. ಕೆ. ಎಂ. ಶಂಕರ್ ಮತ್ತು ಅವರ ಸಂಗಡಿಗರು 1990ರ ದಶಕದಲ್ಲಿ ಇದೇ ಏರೋಮೊನಾಸ್ ರೋಗಾಣುವಿಗೆ ಬಾಯಿಯ ಮೂಲಕ ಕೊಡುವ ಲಸಿಕೆ ಮಾಡಿದರು. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ, ನಾವು ಸಾಕುವ ಮೀನುಗಳ ಮೇಲೆಯೇ ಪರೀಕ್ಷೆ ಮಾಡಿದರು. ಬಾಯಿಯ ಲಸಿಕೆಗೆ ಇರುವ ತೊಡಕೆಂದರೆ, ಸತ್ತ ರೋಗಾಣುವನ್ನು ಬರಿದೇ ಮೇವಿಗೆ ಬೆರೆಸಿದರೆ ಮೀನಿನ ಕರುಳಿನ ಮುಂಭಾಗದಲ್ಲೇ ಅದು ಅರಗಿ ಹೋಗುತ್ತದೆ. ಗುರುತು ಹಿಡಿಯುವ ಕಣಗಳಿರುವುದು ಕರುಳಿನ ಹಿಂಭಾಗದಲ್ಲಿ. ಚಹರೆ ತೋರಿಸುವ ಮೊದಲೇ ಚಿತ್ರ ಅಳಿಸಿ ಹೋದ ಹಾಗೆ ಆಗುತ್ತದೆ.

ಇದಕ್ಕೆ ಅವರು ಹುಡುಕಿದ ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು. ಹಳ್ಳದ ಕಲ್ಲಿನ ಮೇಲೆ ಕಾಲಿಟ್ಟರೆ ಜಾರುತ್ತದಲ್ಲ, ಆ ಲೋಳೆಯಲ್ಲಿ ಬ್ಯಾಕ್ಟೀರಿಯಾಗಳೂ ಇರುತ್ತವೆ. ಅವು ಗಟ್ಟಿ ವಸ್ತುವಿಗೆ ಅಂಟಿ, ತಮ್ಮ ಸುತ್ತ ಅಂಟಿನ ಹೊದಿಕೆ ಹೊದ್ದು, ಗುಂಪಾಗಿ ಬೆಳೆಯುತ್ತವೆ. ಇದಕ್ಕೆ ಬಯೋಫಿಲ್ಮ್ ಎನ್ನುತ್ತಾರೆ. ಸೀಗಡಿ, ಏಡಿಗಳ ಚಿಪ್ಪಿನಲ್ಲಿರುವ ಕೈಟಿನ್ ಎಂಬ ವಸ್ತುವಿನ ಚೂರುಗಳ ಮೇಲೆ ಏರೋಮೊನಾಸನ್ನು ಹೀಗೆ ಲೋಳೆಪದರವಾಗಿ ಬೆಳೆಸಿದರು. ಆಮೇಲೆ ಬಿಸಿ ಮಾಡಿ ಕೊಂದು ಮೇವಿಗೆ ಸೇರಿಸಿದರು. ಅಂಟಿನ ಹೊದಿಕೆ ಇರುವುದರಿಂದ ಅದು ಬೇಗ ಅರಗದೆ ಕರುಳಿನ ಹಿಂಭಾಗ ಮುಟ್ಟಿತು, ಮೈಯಲ್ಲಿ ಹೆಚ್ಚು ದಿನ ಉಳಿಯಿತು. ಹತ್ತು, ಹದಿನೈದು, ಇಪ್ಪತ್ತು ದಿನ ತಿನ್ನಿಸಿ ಹೋಲಿಸಿ ನೋಡಿದಾಗ, ಬಿಡಿಬಿಡಿಯಾಗಿ ಬೆಳೆಸಿದ ರೋಗಾಣುವಿನ ಲಸಿಕೆಗಿಂತ ಇದು ಮೀನನ್ನು ಚೆನ್ನಾಗಿ ಕಾಪಾಡಿತು. ಚುಚ್ಚುವ ಹಾಗಿಲ್ಲ, ಹಿಡಿಯುವ ಹಾಗಿಲ್ಲ, ಮೇವು ಎರಚಿದರೆ ಮುಗಿಯಿತು. ನಮ್ಮಂಥವರ ಕಟ್ಟೆಗೆ ಹೇಳಿ ಮಾಡಿಸಿದಂತಹದು.

ಹಾಗಾದರೆ ಆ ಲಸಿಕೆ ನಮ್ಮ ಬಾಗಿಲಿಗೆ ಯಾಕೆ ಬರಲಿಲ್ಲ? ಪ್ರಯೋಗಶಾಲೆಯ ತೊಟ್ಟಿಯೇ ಬೇರೆ, ಗಂಜಲ ಬೀಳುವ ಕಟ್ಟೆಯೇ ಬೇರೆ. ಏರೋಮೊನಾಸ್‌ನಲ್ಲಿ ಬಹಳ ತಳಿಗಳಿವೆ. ಒಂದು ತಳಿಯ ಚಹರೆ ಕಲಿತ ಮೀನು ಇನ್ನೊಂದು ತಳಿಯನ್ನು ಗುರುತಿಸದೆ ಹೋಗಬಹುದು. ಸಾಲ್ಮನ್ ದುಬಾರಿ ಮೀನು, ಒಂದು ಚುಚ್ಚಿಗೆ ಮಾಡಿದ ಖರ್ಚು ಗಿಟ್ಟುತ್ತದೆ. ಗೆಂಡೆ ಮೀನು ಬಡವರ ಮೀನು, ಲಸಿಕೆ ಮಾಡುವವನು ಲಾಭ ನೋಡುತ್ತಾನೆ. ಹೀಗಿದ್ದರೂ ಕೆಲಸ ನಿಂತಿಲ್ಲ. ಒಡಿಶಾದ ಭುವನೇಶ್ವರದಲ್ಲಿರುವ ಕೇಂದ್ರ ಸಿಹಿನೀರು ಜಲಕೃಷಿ ಸಂಸ್ಥೆಯವರು ಏರೋಮೊನಾಸ್ ರೋಗದ ಲಸಿಕೆಯನ್ನು ಮಾರಾಟದ ಮಟ್ಟಕ್ಕೆ ತರುವುದಕ್ಕಾಗಿ 2022ರಲ್ಲಿ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಕಂಪನಿಯೊಡನೆ ಕೂಡಿಕೊಂಡರು. ಕೂಡಿಕೊಂಡ ಮಾತ್ರಕ್ಕೆ ಸೀಸೆ ಅಂಗಡಿಗೆ ಬಂತೆಂದು ತಿಳಿಯಬಾರದು. ಯಾರಾದರೂ ‘ಮೀನಿನ ಲಸಿಕೆ’ ಎಂದು ಸೀಸೆ ತಂದು ಕೊಟ್ಟರೆ ನಾಲ್ಕು ಮಾತು ಕೇಳಿ: ಯಾವ ರೋಗಕ್ಕೆ, ಯಾವ ಜಾತಿಯ ಮೀನಿಗೆ, ಮರಿ ಎಷ್ಟು ದೊಡ್ಡದಿರಬೇಕು, ಸರ್ಕಾರದ ಪರವಾನಗಿ ಸಂಖ್ಯೆ ಎಲ್ಲಿ? ನಾಲ್ಕಕ್ಕೂ ಚೀಟಿಯ ಮೇಲೆ ಉತ್ತರ ಇರಬೇಕು. ಎಲ್ಲ ರೋಗಕ್ಕೂ, ಎಲ್ಲ ಮೀನಿಗೂ ಎಂದು ಬರೆದಿದ್ದರೆ ಅದು ಲಸಿಕೆಯಲ್ಲ, ಬಣ್ಣದ ನೀರು.

ಈಗ ಮಾತ್ರೆಯ ಪ್ರಶ್ನೆ. ನಾಲ್ಕು ಗುಂಟೆ ಕಟ್ಟೆಯಲ್ಲಿ ಐದಡಿ ನೀರಿದ್ದರೆ ಹೆಚ್ಚು ಕಡಿಮೆ 6 ಲಕ್ಷ ಲೀಟರು. ಅದರಲ್ಲಿ ಹತ್ತು ಮಾತ್ರೆ ಕರಗಿಸಿದರೆ ಮೀನಿಗೆ ಎಷ್ಟು ಮುಟ್ಟೀತು? ಕಲ್ಲಿಗೆ ಎರಚಿದ ಹಾಗೆ. ಮೇವಿನಲ್ಲಿ ಬೆರೆಸೋಣವೆಂದರೆ ಜಡ್ಡು ಬಿದ್ದ ಮೀನು ಮೇವೇ ಮುಟ್ಟುವುದಿಲ್ಲ. ತಿನ್ನುವುದು ಗಟ್ಟಿ ಮೀನು. ಸುಣ್ಣ ಹಾಕಿದ ನೀರಿನಲ್ಲಿ ಟೆಟ್ರಾಸೈಕ್ಲಿನ್‌ನ ಬಲ ಬೇರೆ ಕುಗ್ಗುತ್ತದೆ. ಆದರೆ ರೋಗಾಣುವಿಗೆ ಆ ಅಲ್ಪಸ್ವಲ್ಪ ಮದ್ದಿನ ಪರಿಚಯ ಸಾಕು, ಒಗ್ಗಿಕೊಳ್ಳುತ್ತದೆ. ಆ ನೀರನ್ನು ದನ ಕುಡಿಯುತ್ತದೆ, ಆ ಮೀನನ್ನು ಮಕ್ಕಳು ತಿನ್ನುತ್ತಾರೆ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ಎಂಬ ಮದ್ದುಗಳನ್ನಂತೂ ಮೀನು ಸಾಕಣೆಯಲ್ಲಿ ಕಾನೂನೇ ನಿಷೇಧಿಸಿದೆ. ಮೀನಿನ ರೋಗ ತಿಳಿದವರು ಪರೀಕ್ಷೆ ಮಾಡಿ, ಇಂಥ ಮದ್ದು, ಇಷ್ಟು ದಿನ ಎಂದು ಬರೆದುಕೊಟ್ಟರೆ ಆ ಮಾತು ಬೇರೆ. ಜೇಬಿನ ಮಾತ್ರೆ ಬೇಡ.

ಲಸಿಕೆ ಬರುವವರೆಗೆ ನಾವು ಮಾಡತಕ್ಕದ್ದು ಮೀನು ಸೋಲದಂತೆ ನೋಡಿಕೊಳ್ಳುವುದು. ಬೇಸಿಗೆಯಲ್ಲಿ ಕಟ್ಟೆ ಬತ್ತಿದರೆ ತಳ ಬಿರುಕು ಬಿಡುವವರೆಗೆ ಒಣಗಲಿ. ಬಿಸಿಲಿಗಿಂತ ಅಗ್ಗದ ಮದ್ದಿಲ್ಲ. ನಮ್ಮದು ಹುಳಿ ಮಣ್ಣು, ಆದ್ದರಿಂದ ನೀರು ತುಂಬುವ ಮೊದಲು ಗುಂಟೆಗೆ 2 ಕಿಲೋದಂತೆ ಸುಣ್ಣ ಹಾಕಬೇಕು. ಮರಿ ಗುಂಟೆಗೆ ಐವತ್ತು ಸಾಕು. ಆಸೆ ಎಲ್ಲರಿಗೂ ಇದೆ, ನೀರಿನಲ್ಲಿ ಪ್ರಾಣವಾಯು ಮಾತ್ರ ಇದ್ದಷ್ಟೇ ಇದೆ. ಮರಿಯನ್ನು ಮುಂಜಾನೆ ತನ್ನಿ, ಚೀಲವನ್ನು ಕಟ್ಟೆಯಲ್ಲಿ ಕಾಲು ಗಂಟೆ ತೇಲಬಿಡಿ. ಬಿಡುವ ಮುಂಚೆ ಹತ್ತು ಲೀಟರು ನೀರಿಗೆ ಕಾಲು ಕಿಲೋ ಉಪ್ಪು ಹಾಕಿ ಒಂದೆರಡು ನಿಮಿಷ ಅದ್ದಿ. ಮರಿ ಮಗುಚಿದರೆ ಕೂಡಲೇ ತೆಗೆಯಿರಿ. ಪಕ್ಕದ ಊರಿನ ಕಟ್ಟೆಗೆ ಹಾಕಿದ ಬಲೆಯನ್ನು ಬಿಸಿಲಿಗೆ ಒಣಗಿಸದೆ ನಿಮ್ಮದಕ್ಕೆ ಇಳಿಸಬೇಡಿ. ಈ ಬಲೆಯ ಮಾತಿಗೆ ಮಾತ್ರ ಎಲ್ಲರೂ ಹೂಂ ಅನ್ನುತ್ತಾರೆ, ಯಾರೂ ಮಾಡುವುದಿಲ್ಲ.

ಇನ್ನೊಂದು ಮಾತು ತಾಯಂದಿರಿಗೆ. ಬೆಳಗ್ಗೆ ಕಟ್ಟೆಯ ಕಡೆ ಮೊದಲು ಹೋಗುವವರು ನೀವು. ಮೀನು ನೀರಿನ ಮೇಲೆ ಬಾಯಿ ಬಿಡುತ್ತಿದ್ದರೆ, ಗುಂಪು ಬಿಟ್ಟು ದಡದಲ್ಲಿ ಒಂಟಿ ನಿಂತಿದ್ದರೆ, ಕಂಬಕ್ಕೆ ಮೈ ಉಜ್ಜುತ್ತಿದ್ದರೆ, ಆ ದಿನವೇ ಹೇಳಿ. ಮೈ ಉಜ್ಜಿದರೆ ಹೇನು ಹಿಡಿದಿರಬಹುದು. ಹೇನು ಮಾಡಿದ ಗಾಯದಲ್ಲೇ ಏರೋಮೊನಾಸ್ ಹೊಗುವುದು. ಬಾಯಿ ಬಿಟ್ಟರೆ ಆ ದಿನ ಮೇವು ನಿಲ್ಲಿಸಿ, ಹೊಸ ನೀರು ಹಾಯಿಸಿ.

ಆಯನೂರಿನ ಆ ಕಟ್ಟೆಗೆ ನಾವು ಮಾಡಿದ್ದೂ ಇಷ್ಟೇ. ಗಂಜಲದ ಕಾಲುವೆಯನ್ನು ತೋಟದ ಗುಂಡಿಗೆ ತಿರುಗಿಸಿದೆವು. ಮೇವು ನಿಲ್ಲಿಸಿದೆವು. 8 ಕಿಲೋ ಸುಣ್ಣವನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ಅರಳಿಸಿ, ತಣ್ಣಗಾದ ಮೇಲೆ ಬೆಳಗ್ಗೆ ಕಟ್ಟೆಯ ತುಂಬ ಚಿಮುಕಿಸಿದೆವು. ಸತ್ತ ಮೀನನ್ನು ದಿನಾ ತೆಗೆದು ದೂರದಲ್ಲಿ ಸುಣ್ಣ ಹಾಕಿ ಹೂಳಿದರು. ಸಾವು ನಿಲ್ಲಲು ಹನ್ನೊಂದು ದಿನ ಬೇಕಾಯಿತು. ಅಷ್ಟರಲ್ಲಿ ಅರ್ಧಕ್ಕೂ ಹೆಚ್ಚು ಮೀನು ಹೋಗಿದ್ದವು. ಉಳಿದ 220ರಷ್ಟು ಮೀನು ಮುಂದೆ ಚೆನ್ನಾಗಿ ಬೆಳೆದವು, ಸಂಘದ ಕಂತಿಗೆ ಮುಕ್ಕಾಲು ಪಾಲು ದುಡ್ಡು ಹುಟ್ಟಿತು. ಉಳಿದದ್ದಕ್ಕೆ ಆಕೆ ಕೋಳಿ ಮಾರಿದರು. ಈ ಸಲ 200 ಮರಿ ಮಾತ್ರ ಬಿಟ್ಟಿದ್ದಾರೆ. ಎಣಿಸಿ ಬಿಟ್ಟವರು ಅವರೇ, ಗಂಡನ ಕೈಗೆ ಕೊಡಲಿಲ್ಲ.

ಕೊನೆಯದಾಗಿ, ನಿಮ್ಮ ಮೀನಿಗೆ ಜಡ್ಡು ಬಂದರೆ ಪರೀಕ್ಷೆಗೆ ತರುವ ರೀತಿ. ಸತ್ತು ಕಿವಿರು ಬೆಳ್ಳಗಾದ ಮೀನಿನಿಂದ ಏನೂ ತಿಳಿಯುವುದಿಲ್ಲ. ಜಡ್ಡಾಗಿ ಇನ್ನೂ ಉಸಿರಾಡುತ್ತಿರುವ ಎರಡು ಮೂರು ಮೀನನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ಮೂರರಲ್ಲಿ ಒಂದು ಪಾಲು ಕಟ್ಟೆಯ ನೀರು, ಎರಡು ಪಾಲು ಗಾಳಿ ಇರಲಿ, ಬಾಯಿ ಬಿಗಿಯಾಗಿ ಕಟ್ಟಿ. ಬೇರೆ ಸೀಸೆಯಲ್ಲಿ ಕಟ್ಟೆಯ ನೀರನ್ನೂ ತುಂಬಿಕೊಳ್ಳಿ. ದಾರಿಯಲ್ಲಿ ಮೀನು ಸತ್ತರೆ ಮಂಜುಗಡ್ಡೆಯಲ್ಲಿಡಿ, ಉಪ್ಪು ಹಚ್ಚಬೇಡಿ. ಮರಿ ಬಿಟ್ಟ ದಿನ ಯಾವುದು, ಎಷ್ಟು ಬಿಟ್ಟಿರಿ, ಏನು ಮೇವು, ಏನೇನು ಮದ್ದು ಈಗಾಗಲೇ ಹಾಕಿದ್ದೀರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು, ಬೆಳಗಿನ ಮೊದಲ ಬಸ್ಸಿಗೆ ಶಿವಮೊಗ್ಗದ ಮೀನುಗಾರಿಕೆ ಇಲಾಖೆಯ ಕಚೇರಿಗೆ ತನ್ನಿ. ಮಾತ್ರೆ ಹಾಕಿದ್ದರೆ ಅದನ್ನೂ ಮುಚ್ಚಿಡದೆ ಬರೆಯಿರಿ, ಯಾರೂ ಬೈಯುವುದಿಲ್ಲ.